ಇಬ್ಬರ ಮುಪ್ಪಿನ ಲೆಕ್ಕ

34 ವರ್ಷಕಾಲ ಗುಂಡ್ಲುಪೇಟೆಯ ಕಡೆಯ ಶಾಲೆಗಳಲ್ಲಿ ಅಸಲು, ಬಡ್ಡಿ, ದರ, ಅವಧಿ ಎಂದು ಕರಿಹಲಗೆಯ ಮೇಲೆ ಬರೆದು ಬರೆದು ಸೀಮೆಸುಣ್ಣದ ಧೂಳು ಕುಡಿದ ನಾವು, ನಮ್ಮ ಮನೆಯ ಅಸಲು ಬಡ್ಡಿಗಳನ್ನು ಕುಳಿತು ಲೆಕ್ಕ ಹಾಕಿದುದು 71ನೆಯ ವಯಸ್ಸಿನಲ್ಲಿ. ಉಪಾಧ್ಯಾಯ ಮಿತ್ರರ ಮುಂದೆ ಇದನ್ನು ಒಪ್ಪಿಕೊಳ್ಳಲು ಸಂಕೋಚವಾಗುತ್ತದೆ. ಆದರೆ ನಮ್ಮಂತಹವರೇ ಹೆಚ್ಚೆಂದು ನಮ್ಮ ಅನುಮಾನ. ಪರರ ಮಕ್ಕಳ ತಪ್ಪು ಲೆಕ್ಕಕ್ಕೆ ಕೆಂಪು ಶಾಯಿ ಎಳೆಯುವ ಕೈ ತನ್ನ ಮನೆಯ ಪಾಸುಪುಸ್ತಕವನ್ನು ಬಿಡಿಸಲು ಹಿಂಜರಿಯುತ್ತದೆ. ನಾವಿಬ್ಬರಲ್ಲಿ ಯಾರು ಮೊದಲು ಹಾಸಿಗೆ ಹಿಡಿಯುವರು, ಹಿಡಿದರೆ ಎಷ್ಟು ಕಾಲ, ಆ ಕಾಲ ಕಳೆದ ಮೇಲೆ ಉಳಿದವರಿಗೆ ಏನು ಉಳಿದೀತು ಎಂಬ ಪ್ರಶ್ನೆಗಳು ಆ ಪುಸ್ತಕದ ಕೊನೆಯ ಸಾಲಿನಲ್ಲಿ ಅಡಗಿರುತ್ತವೆ. ಅವನ್ನು ಎಬ್ಬಿಸಲು ಯಾರಿಗೆ ತಾನೆ ಮನಸ್ಸು ಬರುತ್ತದೆ?

ನಮ್ಮದು ನೀಲಗಿರಿಯ ತುಮ್ಮನಟ್ಟಿ. ಬಡಗರ ಹಟ್ಟಿ. ಸಾಲುಮನೆಗಳು, ಅವುಗಳ ಕೆಳಗೆ ಇಳಿಜಾರಿನಲ್ಲಿ ಚಹಾ ಗಿಡಗಳು, ಒಂದಿಷ್ಟು ಗಜ್ಜರಿ, ಕೋಸು, ಆಲೂಗಡ್ಡೆ. ನೌಕರಿಯ ಕಾಲದಲ್ಲಿ ಬಂಡೀಪುರದ ಕಾಡನ್ನು ದಾಟಿ ಮಸಿನಗುಡಿಯ ದಾರಿಯಾಗಿ ರಜೆಗೆ ಬರುತ್ತಿದ್ದ ನಾವು, ನಿವೃತ್ತಿಯ ಅನಂತರ ಇಲ್ಲಿಯೇ ನೆಲೆಯೂರಿದೆವು. ಮನೆಯೊಳಗಿನ ಮಾತೆಲ್ಲ ಬಡಗ ನುಡಿಯಲ್ಲಿ ನಡೆಯುತ್ತದೆ. ಇಲ್ಲಿ ಅದನ್ನು ಕನ್ನಡಕ್ಕೆ ಇಳಿಸಿ ಬರೆಯುತ್ತಿದ್ದೇವೆ. ಎರಡೂ ಅಕ್ಕತಂಗಿಯರಂತಿರುವುದರಿಂದ ಹೆಚ್ಚೇನೂ ನಷ್ಟವಾಗಲಾರದು.

ಲೆಕ್ಕಕ್ಕೆ ಕುಳಿತುಕೊಳ್ಳುವಂತೆ ಮಾಡಿದವರು ನಮ್ಮ ಅತ್ತಿಗೆಯವರು. ಅವರು ಬಾಯಿ ಬಿಟ್ಟು ಏನನ್ನೂ ಹೇಳಲಿಲ್ಲ. ಒಂದು ಸಾಯಂಕಾಲ ಸಣ್ಣ ತಗಡಿನ ಪೆಟ್ಟಿಗೆಯೊಂದನ್ನು ಹಿಡಿದು ನಮ್ಮ ಜಗಲಿಯ ಮೇಲೆ ಬಂದು ಕುಳಿತರು, ಅಷ್ಟೆ. ಹಿರಿಯ ಮಗನ ಮನೆಯಲ್ಲಿ ತಿಂಗಳು ತುಂಬಿತ್ತು. ಎರಡನೆಯ ಮಗ ಕರೆದೊಯ್ಯಲು ಮರುದಿನ ಬರುವವನಿದ್ದನು. ನಡುವಿನ ಒಂದು ರಾತ್ರಿ ಯಾರ ಲೆಕ್ಕಕ್ಕೂ ಸೇರಿರಲಿಲ್ಲ. 69 ವರ್ಷದ ಹೆಂಗಸು. ಆ ಪೆಟ್ಟಿಗೆಯಲ್ಲಿ ಎರಡು ಸೀರೆ, ಒಂದು ಕಂಬಳಿ, ಮೊಣಕಾಲಿಗೆ ಹಚ್ಚುವ ಎಣ್ಣೆ ಮತ್ತು ಅಣ್ಣನವರ ಭಾವಚಿತ್ರ. ಬೆನ್ನು ಬಾಗಿಹೋಗಿದೆ. ಆ ಬೆನ್ನನ್ನು ಬಾಗಿಸಿದುದು ಮುಪ್ಪಲ್ಲವೆಂಬುದು ನಮಗೆ ಗೊತ್ತಿತ್ತು.

ಅಣ್ಣನವರಿಗೆ ಪಾರ್ಶ್ವವಾಯು ಬಡಿದುದು 2019ರ ಜನವರಿಯಲ್ಲಿ. ಚಹಾ ಗಿಡಗಳ ಮೇಲೆ ಹಿಮ ಬಿದ್ದು ಎಲೆ ಸುಟ್ಟುಹೋದ ಬೆಳಿಗ್ಗೆ. ನೋಡಿ ಬರಲು ತೋಟಕ್ಕೆ ಇಳಿದವರು ಮತ್ತೆ ತಾವಾಗಿ ಏರಿ ಬರಲಿಲ್ಲ. 19 ದಿನ ಆಸ್ಪತ್ರೆ. ಅಲ್ಲಿಯ ಖರ್ಚಿನ ಬಹುಭಾಗವನ್ನು ವಿಮೆ ವಹಿಸಿತು. ನಾವೆಲ್ಲರೂ ಅದನ್ನೇ ದೊಡ್ಡ ಖರ್ಚೆಂದು ಭಾವಿಸಿ, ಗಂಡಾಂತರ ಕಳೆಯಿತೆಂದು ನಿಟ್ಟುಸಿರು ಬಿಟ್ಟೆವು. ನಿಜವಾದ ಖರ್ಚು ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ಆರಂಭವಾಯಿತು. ಬಲಭಾಗ ಬಿದ್ದುಹೋಗಿತ್ತು, ಮಾತಿಲ್ಲ, ಕೆಲವು ದಿನಗಳಲ್ಲಿ ತಿಳಿವಳಿಕೆಯೂ ಮಸುಕಾಯಿತು. ಹೊರಳಿಸುವುದು, ಒರೆಸುವುದು, ಉಣಿಸುವುದು, ಬೆನ್ನಿನ ಹುಣ್ಣನ್ನು ತೊಳೆಯುವುದು. ಇವುಗಳಲ್ಲಿ ಯಾವುದೂ ಚಿಕಿತ್ಸೆಯಲ್ಲ. ಆದುದರಿಂದ ಯಾವ ವಿಮೆಯ ಪತ್ರದಲ್ಲೂ ಇವಕ್ಕೆ ಸ್ಥಾನವಿರಲಿಲ್ಲ. ಕೊಯಮತ್ತೂರಿನಿಂದ ಒಬ್ಬ ಆರೈಕೆಯಾಳನ್ನು ಕರೆಸಿದೆವು: ದಿನಕ್ಕೆ 600 ರೂಪಾಯಿ, ಊಟ ವಸತಿ ಬೇರೆ. ಡಯಾಪರು, ಔಷಧಿ, ಪೌಷ್ಟಿಕದ ಹಿಟ್ಟು ಎಂದು ಮತ್ತೆ ತಿಂಗಳಿಗೆ 6,000. ಒಟ್ಟು 24,000. 2020ರ ಏಪ್ರಿಲಿನಲ್ಲಿ ಕೊರೊನಾ ದಿಗ್ಬಂಧನದಿಂದ ಘಾಟಿಯ ರಸ್ತೆಗಳು ಮುಚ್ಚಿದಾಗ ಊರಿಗೆ ಹೋಗಿದ್ದ ಆ ಆಳು ಹಿಂದಿರುಗಲಾಗಲಿಲ್ಲ. ಆಮೇಲೆ ಅತ್ತಿಗೆಯವರೇ ಎರಡು ಆಳಿನ ಕೆಲಸ ಮಾಡಿದರು. 2022ರ ಮಾರ್ಚಿನಲ್ಲಿ ಅಣ್ಣನವರು ತೀರಿಕೊಂಡರು. 38 ತಿಂಗಳು.

ಹಣವಿರಲಿಲ್ಲವೇ ಎಂದರೆ, ಇತ್ತು. ಏಳು ಲಕ್ಷದ ಠೇವಣಿ ಅಣ್ಣನವರೊಬ್ಬರ ಹೆಸರಿನಲ್ಲಿತ್ತು. ಅದನ್ನು ಮುರಿಸಬೇಕಾದರೆ ಅವರ ಸಹಿ ಬೇಕು. ಕೈಯೇಳದವರಿಗೆ ಹೆಬ್ಬೆಟ್ಟಿನ ಗುರುತಿನಿಂದ ಹಣ ಕೊಡುವ ಕ್ರಮ ಬ್ಯಾಂಕುಗಳಲ್ಲಿ ಉಂಟು. ಆದರೆ ಹೆಬ್ಬೆಟ್ಟನ್ನು ಒತ್ತುವವನಿಗೆ ತಾನೇನು ಒತ್ತುತ್ತಿದ್ದೇನೆಂಬ ಅರಿವಾದರೂ ಇರಬೇಕು. ಅಧಿಕಾರಪತ್ರ ಬರೆಸೋಣವೆಂದರೆ ಅದಕ್ಕೂ ಇದೇ ಅಡ್ಡಿ. ಮೊದಲೇ ಬರೆಸಿದ್ದರೂ ಪ್ರಯೋಜನ ಸಂದೇಹವೇ. ಏಕೆಂದರೆ 1872ರ ಕರಾರು ಕಾಯಿದೆಯ 201ನೆಯ ವಿಧಿಯ ಪ್ರಕಾರ, ಅಧಿಕಾರ ಕೊಟ್ಟವನ ಬುದ್ಧಿ ಸ್ವಾಧೀನ ತಪ್ಪಿದ ದಿನವೇ ಆ ಅಧಿಕಾರ ಮುಗಿಯುತ್ತದೆ. ಬೇಕಾದಾಗ ಇಲ್ಲವಾಗುವ ಕೊಡೆ! ಹೆಂಡತಿಯನ್ನು ಪೋಷಕಳನ್ನಾಗಿ ನೇಮಿಸಬೇಕೆಂದು ಹೈಕೋರ್ಟಿನ ಮೆಟ್ಟಿಲು ಹತ್ತುವ ದಾರಿಯೊಂದುಂಟು. ಕೇರಳದ ಹೈಕೋರ್ಟು 2019ರಲ್ಲಿ ಇಂತಹ ಪ್ರಕರಣಗಳಿಗೆ ಮಾರ್ಗಸೂತ್ರಗಳನ್ನು ಹಾಕಿಕೊಟ್ಟಿತು. 2024ರಲ್ಲಿ ಮದ್ರಾಸ್ ಹೈಕೋರ್ಟು ಪ್ರಜ್ಞೆಯಿಲ್ಲದೆ ಮಲಗಿದ್ದ ಗಂಡನ ಆಸ್ತಿಯನ್ನು ಆತನ ಚಿಕಿತ್ಸೆಗಾಗಿ ಮಾರಲು ಹೆಂಡತಿಗೆ ಅನುಮತಿಯಿತ್ತಿತು. ಆದರೆ ಆ ಹೆಂಡತಿಯೂ ಮೊದಲು ಏಕಸದಸ್ಯ ಪೀಠದಲ್ಲಿ ಸೋತು, ಅನಂತರ ಮೇಲ್ಮನವಿಯಲ್ಲಿ ಗೆಲ್ಲಬೇಕಾಯಿತು. ಮಲ ಬಳಿಯುವ ಕೈಗೆ ವಕಾಲತ್ತಿನ ಕಾಗದ ಹಿಡಿಯಲು ಬಿಡುವೆಲ್ಲಿ?

ಚಹಾ ತೋಟವಿತ್ತಲ್ಲವೇ ಎಂದು ಕೇಳಬಹುದು. ಅದರ ಪಟ್ಟಾ ಇಂದಿಗೂ ನಮ್ಮ ತಾತನ ಹೆಸರಿನಲ್ಲಿದೆ. ನಮ್ಮ ಬೆಟ್ಟದಲ್ಲಿ ಇದು ಅಪರೂಪದ ಸಂಗತಿಯಲ್ಲ. ಉಳುವವರು ಯಾರೆಂದು ಹಟ್ಟಿಗೆಲ್ಲ ಗೊತ್ತು, ಆದುದರಿಂದ ಕಾಗದಕ್ಕೆ ಗೊತ್ತಾಗಬೇಕಿಲ್ಲ ಎಂಬ ನಂಬಿಕೆಯಲ್ಲಿ ಮೂರು ತಲೆಮಾರು ಕಳೆದುಹೋಗಿವೆ. ಪಾಲುಪತ್ರವಿಲ್ಲದ ನೆಲದ ಮೇಲೆ ಸಾಲ ಹುಟ್ಟಲಿಲ್ಲ. ಅತ್ತಿಗೆಯವರು ಬಳೆ ಮಾರಿದರು, ಸರ ಮಾರಿದರು, ತವರಿನಿಂದ ತಂದರು. ಅಣ್ಣನವರ ತರುವಾಯ ನಾಮಿನಿಯೆಂದು ಆ ಏಳು ಲಕ್ಷ ಅವರ ಕೈಗೆ ಬಂದಾಗ ಸಾಲ ತೀರಿಸಲು ಸಾಲದಾಯಿತು. ಹೀಗೆ ಒಬ್ಬರ ಕಾಯಿಲೆ ಇಬ್ಬರ ಮುಪ್ಪನ್ನೂ ಉಂಡುಹಾಕಿತು. ಬ್ಯಾಂಕಿನವರದು ತಪ್ಪೆನ್ನಲಾಗದು, ಮಕ್ಕಳು ಕೆಟ್ಟವರೆಂದರೆ ಅನ್ಯಾಯವಾದೀತು. ಇಬ್ಬರೂ ತಿಂಗಳಿಗೊಂದರಂತೆ ಅಚ್ಚುಕಟ್ಟಾಗಿ ನೋಡಿಕೊಳ್ಳುತ್ತಾರೆ. ಆ ಅಚ್ಚುಕಟ್ಟಿನ ನಡುವೆ ಬೀಳುವ ಒಂದು ರಾತ್ರಿಯೇ ನಮ್ಮ ಜಗಲಿಗೆ ಬಂದದ್ದು.

ಅಂದು ರಾತ್ರಿ ಅತ್ತಿಗೆಯವರು ಮಲಗಿದ ಮೇಲೆ ನಮ್ಮ ಮನೆಯಾಕೆ ಒಲೆಯ ಮುಂದೆ ಕುಳಿತು ಮೆಲ್ಲನೆ ಕೇಳಿದರು: “ನಿಮಗಿಂತ ನಾನು ಏಳು ವರ್ಷ ಚಿಕ್ಕವಳು. ನೀವು ಮುಂದೆ ಹೋದರೆ ನನ್ನ ಪೆಟ್ಟಿಗೆ ಯಾವ ಜಗಲಿಗೆ?”

ಮರುದಿನವೇ ಹಳೆಯ ಪಾಠಟಿಪ್ಪಣಿಯ ಪುಸ್ತಕವೊಂದನ್ನು ಹುಡುಕಿ ತೆಗೆದೆವು.

ಹಿಂದಿನವರು ಈ ಲೆಕ್ಕವನ್ನು ಮಾಡದೆ ಇರಲಿಲ್ಲ. ಅವರದು ಬಾಯಿಲೆಕ್ಕ, ಆದರೆ ಪಕ್ಕಾ ಲೆಕ್ಕ. ಬಡಗರಲ್ಲಿ ಗಂಡುಮಕ್ಕಳು ಮದುವೆಯಾದಂತೆಲ್ಲ ಬೇರೆ ಮನೆ ಮಾಡಿಕೊಂಡು ಹೋಗುವರು. ಕೊನೆಯವನು ತಂದೆತಾಯಿಗಳೊಡನೆ ಹಳೆಯ ಮನೆಯಲ್ಲಿ ನಿಂತು ಅವರನ್ನು ಸಾಕುವನು. ಅವರ ಕಾಲಾನಂತರ ಆ ಮನೆ ಅವನದಾಗುವುದು. ಇಂಗ್ಲಿಷರ ಕಾಲದಲ್ಲಿ ಬೆಟ್ಟದ ಜನರನ್ನು ಕುರಿತು ಬರೆದವರೂ ಈ ರೂಢಿಯನ್ನು ಗಮನಿಸಿದ್ದಾರೆ. ಹೊರಗಿನವರು ಇದನ್ನು ಒಂದು ವಿಚಿತ್ರ ದಾಯವಿಭಾಗವೆಂದು ಬಗೆದರೇನೋ. ನಮಗೆ ಈಗ ನೋಡಿದರೆ ಇದು ದಾಯವಿಭಾಗಕ್ಕಿಂತ ಹೆಚ್ಚಾಗಿ ಶುಶ್ರೂಷೆಯ ಕರಾರೆಂದೇ ತೋರುತ್ತದೆ. ಕಿರಿಯವನನ್ನೇ ಏಕೆ ಆರಿಸಿದರು? ತಂದೆತಾಯಿಗಳು ಹಾಸಿಗೆ ಹಿಡಿಯುವ ವೇಳೆಗೆ ಹಿರಿಯನಿಗೂ ತಲೆ ನರೆತಿರುತ್ತದೆ. ಎತ್ತಿ ಕೂರಿಸಲು ತೋಳಿನಲ್ಲಿ ಬಲವಿರುವವನು ಕಿರಿಯನೇ. ಇದು ನಮ್ಮ ಊಹೆ, ಶಾಸ್ತ್ರವಲ್ಲ.

ನಮ್ಮ ಮನೆಯಲ್ಲಿ ಹಾಗೆಯೇ ನಡೆಯಿತು. ಮೂವರಲ್ಲಿ ಕಿರಿಯ ತಮ್ಮ ಹಳೆಯ ಮನೆಯಲ್ಲಿ ನಿಂತ. ತಾಯಿಯವರು ಆರು ವರ್ಷ ಹಾಸಿಗೆಯಲ್ಲಿದ್ದರು. ಈಗ ಆ ಮನೆ ತಮ್ಮನದು. ನಮಗೆ ಅದರಲ್ಲಿ ಎಳ್ಳಷ್ಟೂ ಅಸೂಯೆಯಿಲ್ಲ. ಆದರೆ ಒಂದು ಮಾತನ್ನು ಇಷ್ಟು ದಿನ ನಾವು ನೋಡಿಯೂ ನೋಡಿರಲಿಲ್ಲ. ಮನೆ ಬಂದುದು ತಮ್ಮನಿಗೆ. ಆರು ವರ್ಷ ತಾಯಿಯವರನ್ನು ತೊಳೆದು ಒರೆಸಿದವಳು ತಮ್ಮನ ಹೆಂಡತಿ. ಆಕೆಯ ಹೆಸರು ಆ ಕರಾರಿನಲ್ಲಿ ಎಲ್ಲಿಯೂ ಇಲ್ಲ. ಇದನ್ನು ನಮ್ಮ ಮನೆಯಾಕೆ ಎತ್ತಿ ತೋರಿಸಿದಾಗ ನಾವು ಸ್ವಲ್ಪ ಹೊತ್ತು ಪೆನ್ಸಿಲನ್ನು ಕೆತ್ತುತ್ತ ಕುಳಿತೆವು.

ಈಗ ನಮ್ಮ ಕಿರಿಯ ಮಗನಿರುವುದು ಕೊಯಮತ್ತೂರಿನಲ್ಲಿ, ಒಂದು ಪಂಪುಸೆಟ್ಟಿನ ಕಾರ್ಖಾನೆಯಲ್ಲಿ. ಅವನ ಹೆಂಡತಿಗೂ ಅಲ್ಲಿಯೇ ಉದ್ಯೋಗ. ಬಾಡಿಗೆಯ ಎರಡು ಕೋಣೆ. ತುಮ್ಮನಟ್ಟಿಯ ಮನೆಗಾಗಿ ಅವರು ಉದ್ಯೋಗವನ್ನು ಬಿಟ್ಟು ಬರಬೇಕೆಂದು ಕೇಳುವುದು ನ್ಯಾಯವಲ್ಲ. ಹಳೆಯ ಕರಾರಿನ ಒಂದು ಪಕ್ಷ ಬೆಟ್ಟ ಇಳಿದುಹೋಗಿದೆ. ಮನೆ ಮಾತ್ರ ಇಲ್ಲಿ ಉಳಿದಿದೆ.

ಈ ನಡುವೆ ಅಮೆರಿಕದ ನ್ಯೂಜೆರ್ಸಿಯಲ್ಲಿ ವೃದ್ಧರ ಶುಶ್ರೂಷಾಲಯವೊಂದರ ಲೆಕ್ಕ ಬರೆಯುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ರಜೆಗೆ ಬಂದಿದ್ದಾಗ ನಮ್ಮನ್ನು ಕಾಣಲು ಬಂದನು. ನಮ್ಮ ಪುಸ್ತಕವನ್ನು ನೋಡಿ ನಕ್ಕು, “ಮೇಷ್ಟ್ರೇ, ಅಲ್ಲಿಯ ಮುದುಕ ಮುದುಕಿಯರೂ ಇದೇ ಲೆಕ್ಕ ಹಾಕುತ್ತ ಕೂತಿರುತ್ತಾರೆ. ಆದರೆ ಅವರದು ತಿರುಗುಮುರುಗು ಲೆಕ್ಕ,” ಎಂದನು. ಅವನು ವಿವರಿಸಿದುದು ಹೀಗೆ. ಅಲ್ಲಿ 65 ದಾಟಿದವರಿಗೆ ಸರಕಾರದ ಆರೋಗ್ಯ ವಿಮೆಯೊಂದುಂಟು. ಅದು ಆಸ್ಪತ್ರೆಗೆ ಕೊಡುತ್ತದೆ, ವರ್ಷಗಟ್ಟಲೆ ಹಾಸಿಗೆಯಲ್ಲಿದ್ದವರನ್ನು ನೋಡಿಕೊಳ್ಳುವುದಕ್ಕೆ ಕೊಡದು. ಅದಕ್ಕೆ ಕೊಡುವುದು ಮೆಡಿಕೇಯ್ಡ್ ಎಂಬ, 1965ರಲ್ಲಿ ಬಡವರಿಗಾಗಿ ಹುಟ್ಟಿದ ಇನ್ನೊಂದು ಯೋಜನೆ. ಆದುದರಿಂದ ಮಧ್ಯಮ ವರ್ಗದವನು ಅದಕ್ಕೆ ಅರ್ಹನಾಗಬೇಕಾದರೆ ಮೊದಲು ತನ್ನದೆಲ್ಲವನ್ನೂ ಖರ್ಚು ಮಾಡಿ ಬಡವನಾಗಬೇಕು. ಮಕ್ಕಳಿಗೆ ಕೊಟ್ಟು ಬಡವನಾಗುತ್ತೇನೆಂದರೆ ಕಾನೂನು ಹಿಂದಿನ 60 ತಿಂಗಳ ದಾನಗಳನ್ನು ಕೆದಕಿ ನೋಡುತ್ತದೆ. ಹಿಂದೆ ಗಂಡನ ಶುಶ್ರೂಷೆಗೆಂದು ಮನೆಯಲ್ಲಿದ್ದ ಹೆಂಡತಿಯೂ ಬರಿಗೈಯಾಗುತ್ತಿದ್ದಳು. 1988ರಲ್ಲಿ ಕಾನೂನು ಮಾಡಿ, ಹೊರಗೆ ಉಳಿದ ಸಂಗಾತಿಗೆ ವಾಸದ ಮನೆಯನ್ನೂ ಉಳಿತಾಯದ ಒಂದು ಪಾಲನ್ನೂ ಕಾಯ್ದಿರಿಸಿದರು. “ಗಂಡ ಒಳಗೆ ಮಲಗಿರುತ್ತಾನೆ, ಹೆಂಡತಿ ನಮ್ಮ ಕಚೇರಿಯಲ್ಲಿ ಕೂತು ತನ್ನ ಪಾಲನ್ನು ಎಣಿಸಿಕೊಳ್ಳುತ್ತಾಳೆ. ಪಾಪವೆನಿಸುತ್ತದೆ,” ಎಂದನವನು.

ನಮಗೆ ಪಾಪವೆನಿಸಲಿಲ್ಲ. ನಮ್ಮ ಅತ್ತಿಗೆಯವರಿಗೆ ಎಣಿಸಿಕೊಳ್ಳಲು ಅಂತಹ ಒಂದು ಪಾಲನ್ನು ಯಾವ ಕಾನೂನೂ ಬೇರೆ ಇಟ್ಟಿರಲಿಲ್ಲವಲ್ಲ! ಜರ್ಮನಿಯಲ್ಲಿ 1995ರಿಂದ, ಜಪಾನಿನಲ್ಲಿ 2000ದಿಂದ, ದುಡಿಯುವ ವಯಸ್ಸಿನಲ್ಲಿಯೇ ಕಂತು ಕಟ್ಟಿಸಿಕೊಂಡು ಮುಪ್ಪಿನ ಆರೈಕೆಗೆ ವಿಮೆ ಕೊಡುವ ಏರ್ಪಾಡಿದೆ. ಜಪಾನಿನಲ್ಲಿ 40ನೆಯ ವಯಸ್ಸಿಗೆ ಕಂತು ಮೊದಲಾಗುತ್ತದೆ. ನಮ್ಮಲ್ಲಿ ಅಂತಹ ಏರ್ಪಾಡು ಇಲ್ಲ. ಏನೂ ಇಲ್ಲವೆಂದರೆ ಸುಳ್ಳಾದೀತು. 2021ರ ಆಗಸ್ಟಿನಲ್ಲಿ ತಮಿಳುನಾಡು ಸರಕಾರ ಮನೆಬಾಗಿಲಿಗೆ ವೈದ್ಯವನ್ನು ಒಯ್ಯುವ ಯೋಜನೆಯನ್ನು ತೊಡಗಿತು. ಅಣ್ಣನವರ ಕೊನೆಯ ತಿಂಗಳುಗಳಲ್ಲಿ ದಾದಿಯೊಬ್ಬರು ಬಂದು ಹುಣ್ಣಿಗೆ ಕಟ್ಟು ಕಟ್ಟುವುದನ್ನು ಅತ್ತಿಗೆಯವರಿಗೆ ಕಲಿಸಿಕೊಟ್ಟರು. ಆ ತಾಯಿಯ ಕೈಗುಣವನ್ನು ಇಂದಿಗೂ ನೆನೆಯುತ್ತಾರೆ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆಯುಷ್ಮಾನ್ ಭಾರತದ ಐದು ಲಕ್ಷದ ರಕ್ಷಣೆಯನ್ನು 70 ತುಂಬಿದವರೆಲ್ಲರಿಗೂ, ಆದಾಯ ಕೇಳದೆ, ವಿಸ್ತರಿಸಿತು. ಉದಕಮಂಡಲದಲ್ಲಿ 2025ರಲ್ಲಿ ವೈದ್ಯಕೀಯ ಕಾಲೇಜಿನ ಹೊಸ ಸರಕಾರಿ ಆಸ್ಪತ್ರೆಯೂ ತೆರೆಯಿತು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಆ ಐದು ಲಕ್ಷ ಆಸ್ಪತ್ರೆಯಲ್ಲಿ ಮಲಗಿದವನಿಗೆ, ಮನೆಯಲ್ಲಿ ಮಲಗಿದವನಿಗಲ್ಲ. ವಾರಕ್ಕೋ ತಿಂಗಳಿಗೋ ಒಮ್ಮೆ ಬರುವ ದಾದಿ ನಡುರಾತ್ರಿಯಲ್ಲಿ ಹೊರಳಿಸಲಾರಳು. ದಿಕ್ಕಿಲ್ಲದ ವೃದ್ಧರಿಗೆ ಸಲ್ಲುವ ಮಾಸಾಶನ ಪಿಂಚಣಿದಾರನಾದ ಉಪಾಧ್ಯಾಯನಿಗೆ ಸಲ್ಲದು, ಸಲ್ಲಲೂಬಾರದು.

ಹೀಗಾಗಿ ನಮ್ಮ ಅರ್ಹತೆಯನ್ನು ನಾವೇ ಸಂಪಾದಿಸಿಕೊಳ್ಳಬೇಕಾಗಿ ಬಂತು. ಲೆಕ್ಕವನ್ನು ಬರೆಯುತ್ತೇವೆ, ವಿದ್ಯಾರ್ಥಿಗಳು ಬೇಕಾದರೆ ತಾಳೆ ನೋಡಬಹುದು.

ಅಣ್ಣನವರ ಕಾಲದ ದರದಲ್ಲಿಯೇ ಒಬ್ಬರ ಆರೈಕೆಗೆ ತಿಂಗಳಿಗೆ 24,000, ವರ್ಷಕ್ಕೆ 2,88,000. ಇಷ್ಟನ್ನು ಬಡ್ಡಿಯಿಂದಲೇ ತೆಗೆಯಬೇಕಾದರೆ ಅಸಲೆಷ್ಟಿರಬೇಕು? ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 2025ರಲ್ಲಿದ್ದ ದರ ಶೇಕಡಾ 8.2. ಆ ದರದಲ್ಲಿ 35 ಲಕ್ಷಕ್ಕೂ ಸ್ವಲ್ಪ ಹೆಚ್ಚು ಬೇಕು. ನಮ್ಮ ಜೀವಮಾನದ ಉಳಿತಾಯವೆಲ್ಲ ಕೂಡಿ 22 ಲಕ್ಷ. ಉತ್ತರ ನೋಡಿ ಪುಸ್ತಕ ಮುಚ್ಚಿಬಿಡೋಣವೆನಿಸಿತು. ಮನೆಯಾಕೆ, “ಪಿಂಚಣಿಯನ್ನು ಸೇರಿಸಿಲ್ಲವಲ್ಲ,” ಎಂದರು. ಲೆಕ್ಕದ ಮೇಷ್ಟರ ಹೆಂಡತಿಯಾಗಿ ಅಷ್ಟು ಕಲಿತಿದ್ದಾರೆ.

ಪಿಂಚಣಿ 32,000. ಆದರೆ ಇದು ನಾವು ಉಸಿರಾಡುವ ತನಕ. ಪಿಂಚಣಿಯೆಂದರೆ ಕೊನೆಯ ವೇತನದ ಅರ್ಧ. ಹೆಂಡತಿಗೆ ಬರುವ ಕುಟುಂಬ ಪಿಂಚಣಿ ಅದೇ ವೇತನದ ಶೇಕಡಾ 30. ಅರ್ಥಾತ್ ಐದರಲ್ಲಿ ಮೂರು ಪಾಲು: 19,200. (ಕರ್ನಾಟಕದಲ್ಲಿ 2006ರ ಏಪ್ರಿಲಿಗೆ ಮೊದಲು ಸೇವೆಗೆ ಸೇರಿದವರ ಮಾತಿದು, ಆಮೇಲೆ ಸೇರಿದ ಮಿತ್ರರು ಹೊಸ ಪಿಂಚಣಿಯ ಲೆಕ್ಕವನ್ನು ಬೇರೆಯಾಗಿಯೇ ಹಾಕಿಕೊಳ್ಳಬೇಕು.) 22 ಲಕ್ಷಕ್ಕೆ ವರ್ಷದ ಬಡ್ಡಿ 1,80,400, ತಿಂಗಳಿಗೆ 15,033.

ಮೊದಲನೆಯ ಪ್ರಸಂಗ: ನಾವು ಹಾಸಿಗೆಯಲ್ಲಿ, ಆಕೆ ಆರೋಗ್ಯವಾಗಿ. ವರಮಾನ 47,000ಕ್ಕೆ ಸ್ವಲ್ಪ ಮೇಲೆ. ಆರೈಕೆಗೆ 24,000, ಮನೆವಾರ್ತೆಗೆ 15,000. ನಡೆಯುತ್ತದೆ. ಎರಡನೆಯ ಪ್ರಸಂಗ: ನಾವು ಇಲ್ಲ, ಆಕೆ ಹಾಸಿಗೆಯಲ್ಲಿ. ವರಮಾನ 34,233, ಆರೈಕೆಗೆ 24,000, ಮನೆವಾರ್ತೆಗೆ ಎಷ್ಟು ಹಿಡಿದರೂ 10,000. ಮಿಗುವುದು 233 ರೂಪಾಯಿ. ಬೆಲೆಗಳು ಏರುವುದನ್ನೂ, ಐದು ವರ್ಷದ ಅವಧಿ ಮುಗಿದ ಮೇಲೆ ಬಡ್ಡಿ ಇಳಿಯಬಹುದೆಂಬುದನ್ನೂ ಇದರಲ್ಲಿ ಹಿಡಿದಿಲ್ಲ. ಆದರೂ ಹೇಗೋ ನಡೆದೀತು. ಆದರೆ ಒಂದೇ ಒಂದು ನಿಬಂಧನೆ: ಮೊದಲನೆಯ ಪ್ರಸಂಗದಲ್ಲಿ ಅಸಲನ್ನು ಮುಟ್ಟಿರಬಾರದು. ನಮ್ಮ ಕಾಯಿಲೆಗೆಂದು ಹತ್ತು ಲಕ್ಷ ಒಡೆದರೆ ಆಕೆಯ ತಿಂಗಳ ಬಡ್ಡಿಯಲ್ಲಿ 6,833 ರೂಪಾಯಿ ಕಡಿಮೆಯಾಗುತ್ತದೆ. ಆಗ ರಾತ್ರಿಯ ಆಳನ್ನು ಬಿಡಬೇಕು, ಇಲ್ಲವೇ ಪೆಟ್ಟಿಗೆ ಹಿಡಿದು ಹೊರಡಬೇಕು.

ಆದುದರಿಂದ ನಾವು ಪುಸ್ತಕದಲ್ಲಿ ಶಾಯಿಯಿಂದ ಹೀಗೆ ಬರೆದೆವು: “ನಮ್ಮ ಕಾಯಿಲೆಗೆ ಬಡ್ಡಿ ಮತ್ತು ಪಿಂಚಣಿ ಮಾತ್ರ. ಅಸಲು ಆಕೆಯದು. ಯಾರು ಏನೇ ಹೇಳಿದರೂ ಅಸಲನ್ನು ಒಡೆಯತಕ್ಕದ್ದಲ್ಲ.” ಬರೆದು, ಇಬ್ಬರೂ ಸಹಿ ಹಾಕೋಣವೆಂದು ಪುಸ್ತಕವನ್ನು ಆಕೆಯ ಮುಂದೆ ಸರಿಸಿದೆವು.

ಆಕೆ ಓದಿದರು. ಸಹಿ ಹಾಕಲಿಲ್ಲ.

“ನೀವು ನೋವಿನಿಂದ ನರಳುತ್ತಿರುವಾಗ, ಹಣವನ್ನು ಪೆಟ್ಟಿಗೆಯಲ್ಲಿಟ್ಟು ನಾನು ಬಡ್ಡಿ ಎಣಿಸುತ್ತಾ ಕೂರಬೇಕೆ? ಅಕ್ಕ ಬಳೆ ಮಾರಿದ್ದು ತಪ್ಪು ಎನ್ನುತ್ತೀರಾ?”

ತಪ್ಪೆಂದು ನಾವು ಹೇಗೆ ಹೇಳಲಿ? ಸರಿಯೆಂದಾದರೂ ಹೇಗೆ ಹೇಳಲಿ? ಆ ಬಳೆಗಳಿಂದ ಅಣ್ಣನವರಿಗೆ ಒಂದು ದಿನದ ನಡಿಗೆಯೂ ಹಿಂದಿರುಗಲಿಲ್ಲ. ಆದರೆ ಒಣಗಿದ ಹಾಸಿಗೆ ದೊರೆಯಿತು, ಹುಣ್ಣಿಲ್ಲದ ಬೆನ್ನು ದೊರೆಯಿತು. ಅದಕ್ಕೆ ಬೆಲೆಯಿಲ್ಲವೆಂದು ನಾವು ಹಾಸಿಗೆಯ ಮೇಲೆ ಮಲಗಿಕೊಂಡು ಹೇಳಬಲ್ಲೆವೇ? ಕುರ್ಚಿಯ ಮೇಲೆ ಕುಳಿತು ಹೇಳುವುದು ಸುಲಭ. ಮೂರು ದಿನ ಆ ಪುಸ್ತಕ ಕಿಟಕಿಯ ಬಳಿಯೇ ಬಿದ್ದಿತ್ತು. ಮನೆಯಲ್ಲಿ ಮಾತು ಕಡಿಮೆಯಾಯಿತು. ನಾಲ್ಕನೆಯ ದಿನ ಆಕೆಯೇ ಒಂದು ದಾರಿ ಹೇಳಿದರು: “ಹಣವನ್ನೆಲ್ಲ ನಿಮ್ಮ ಹೆಸರಿನಲ್ಲೇ ಇಟ್ಟು ನನಗೆ ನಿಯಮ ಹಾಕಬೇಡಿ. ನನ್ನ ಪಾಲನ್ನು ನನ್ನ ಹೆಸರಿಗೆ ಹಾಕಿ. ಒಡೆಯುವುದೋ ಉಳಿಸುವುದೋ, ಆಗ ನಾನು ನೋಡಿಕೊಳ್ಳುತ್ತೇನೆ.”

34 ವರ್ಷದ ನೌಕರಿಯಲ್ಲಿ ಕೂಡಿಟ್ಟ ಹಣವೆಲ್ಲ ನಮ್ಮೊಬ್ಬರ ಹೆಸರಿನಲ್ಲಿಯೇ ಇತ್ತೆಂಬುದು ಅಲ್ಲಿಯ ತನಕ ನಮಗೆ ವಿಶೇಷವಾಗಿ ತೋರಿರಲಿಲ್ಲ. ಅಣ್ಣನವರ ಏಳು ಲಕ್ಷವನ್ನು ಕಂಡ ಮೇಲೂ ತೋರಿರಲಿಲ್ಲ! ಈಗ ಗೊತ್ತುಮಾಡಿಕೊಂಡಿರುವುದು ಹೀಗೆ: 12 ಲಕ್ಷ ಆಕೆಯ ಹೆಸರಿನಲ್ಲಿ, 10 ಲಕ್ಷ ನಮ್ಮ ಹೆಸರಿನಲ್ಲಿ, ಎರಡೂ ಹಿರಿಯ ನಾಗರಿಕರ ಯೋಜನೆಯಲ್ಲಿ. ಗಂಡಹೆಂಡಿರು ಇದರಲ್ಲಿ ಜಂಟಿಯಾಗಿ ಇಡಬಹುದು, ಬೇರೆ ಬೇರೆಯಾಗಿಯೂ ಇಡಬಹುದು. ಒಬ್ಬರಿಗೆ 30 ಲಕ್ಷದ ತನಕ ಅವಕಾಶವಿದೆಯಾದರೂ ನಮಗೆ ಆ ಮಿತಿಯ ಭಯವಿಲ್ಲ. ನಾವು ಕೊಟ್ಟ ಹಣದ ಬಡ್ಡಿಯನ್ನು ಆದಾಯ ತೆರಿಗೆಯವರು ನಮ್ಮ ವರಮಾನಕ್ಕೇ ಸೇರಿಸುತ್ತಾರೆ, ಸೇರಿಸಲಿ. ಉಳಿತಾಯ ಖಾತೆಯನ್ನು ಇಬ್ಬರಲ್ಲಿ ಯಾರು ಬೇಕಾದರೂ, ಇಲ್ಲವೇ ಉಳಿದವರು, ನಡೆಸುವಂತೆ ಜಂಟಿ ಮಾಡಿಸಿದೆವು. ಇದಕ್ಕೆ ಅರ್ಧ ಗಂಟೆ ಹಿಡಿಯಿತು. ಅಣ್ಣನವರೂ ಒಂದು ಅರ್ಧ ಗಂಟೆ ಬಿಡುವು ಮಾಡಿಕೊಂಡಿದ್ದರೆ ಎಂದು ಆ ಬೆಂಚಿನ ಮೇಲೆ ಕುಳಿತು ಯೋಚಿಸಿದೆವು.

ಮನೆಯದು ಉಳಿಯಿತು. ನಾವು ಬಡಗರ ರೂಢಿಯಂತೆ ಕಿರಿಯ ಮಗನಿಗೆ ಈಗಲೇ ದಾನಪತ್ರ ಬರೆದುಕೊಟ್ಟು ನಿಶ್ಚಿಂತರಾಗಬೇಕೆಂದಿದ್ದೆವು. ಮನೆ ನಮ್ಮ ಸ್ವಯಾರ್ಜಿತ. ನಿವೃತ್ತಿಯ ಹಣದಿಂದ ನಿವೇಶನ ಕೊಂಡು ಕಟ್ಟಿಸಿದ್ದು. ಪಿತ್ರಾರ್ಜಿತವಾಗಿದ್ದರೆ ಹಾಗೆ ಒಬ್ಬನಿಗೆ ಬರೆಯುವಂತಿಲ್ಲ. ತಮಿಳುನಾಡಿನಲ್ಲಿ 1989ರಿಂದಲೂ, ದೇಶಕ್ಕೆಲ್ಲ 2005ರಿಂದಲೂ, ಹೆಣ್ಣುಮಕ್ಕಳಿಗೆ ಅದರಲ್ಲಿ ಸಮಪಾಲು ಬಂದಿದೆ. ಆದರೆ ಮನೆಯಾಕೆಗೆ ದಾನದ ಮಾತೇ ಹಿಡಿಸಲಿಲ್ಲ. ಉದಕಮಂಡಲದಲ್ಲಿ ವಕೀಲರೊಬ್ಬರನ್ನು ಕಂಡೆವು. ಅವರು 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯನ್ನು ಬಿಡಿಸಿ, 23ನೆಯ ವಿಧಿಯನ್ನು ಓದಿ ಹೇಳಿದರು. ಹಿರಿಯರನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿಯನ್ನು ಪಡೆದವನು ನೋಡಿಕೊಳ್ಳದಿದ್ದರೆ, ಆ ಪತ್ರವನ್ನು ವಂಚನೆಯಿಂದಲೋ ಬಲಾತ್ಕಾರದಿಂದಲೋ ಆದದ್ದೆಂದು ಪರಿಗಣಿಸಿ ನ್ಯಾಯಮಂಡಳಿ ರದ್ದುಮಾಡಬಹುದು. ಷರತ್ತು ಎನ್ನುವುದೇ ಮುಖ್ಯ. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಷರತ್ತಿತ್ತೆಂದು ತೋರಿಸದ ತಾಯಿಗೆ ಈ ವಿಧಿ ನೆರವಾಗದು ಎಂದಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ, ಕಾಯಿದೆಯ ಉದಾರ ಉದ್ದೇಶವನ್ನು ಮುಂದಿಟ್ಟುಕೊಂಡು ದಾನಪತ್ರವನ್ನು ರದ್ದುಮಾಡಿತು. ಆ ತಾಯಿಯ ಬಳಿ ಮಗನು ನೋಡಿಕೊಳ್ಳುವೆನೆಂದು ಒಪ್ಪಿದ ಬರಹವಿತ್ತು. “ಪ್ರೀತಿ ವಿಶ್ವಾಸ ಎಂದು ಮಾತ್ರ ಬರೆಸಬೇಡಿ, ಅನ್ನ, ಔಷಧಿ, ಆಳು, ವಾಸ ಎಂದು ಬಿಡಿಸಿ ಬರೆಸಿ. ಇಬ್ಬರ ಜೀವಿತಾವಧಿಗೂ ವಾಸದ ಹಕ್ಕನ್ನು ಉಳಿಸಿಕೊಳ್ಳಿ. ಅಥವಾ ದಾನವೇ ಬೇಡ, ಉಯಿಲು ಮಾಡಿ,” ಎಂದರು ವಕೀಲರು.

ಮಗನ ಮುಂದೆ ಇಂತಹ ಷರತ್ತನ್ನು ಇಡುವುದೆಂದರೆ ನಮಗೆ ನಾಲಗೆ ತೊಡರಿತು. ಹೆತ್ತ ಮಗನೊಡನೆ ಮುಚ್ಚಳಿಕೆಯೇ? ಆದರೆ ಹಿಂದೆಯೂ ಮುಚ್ಚಳಿಕೆಯಿತ್ತು. ಹಟ್ಟಿಯೇ ಅದರ ಸಾಕ್ಷಿ, ಹಟ್ಟಿಯೇ ಅದರ ನ್ಯಾಯಮಂಡಳಿ. ತಾಯಿಯನ್ನು ನೋಡದ ಕಿರಿಮಗ ಸಾಲುಮನೆಯ ಮುಂದೆ ತಲೆಯೆತ್ತಿ ನಡೆಯುವಂತಿರಲಿಲ್ಲ. ಕೊಯಮತ್ತೂರಿನ ಬಾಡಿಗೆಯ ಕೋಣೆಗೆ ಹಟ್ಟಿಯ ಕಣ್ಣು ತಲುಪುವುದಿಲ್ಲ.

ಜನವರಿಯಲ್ಲಿ ಹೆತ್ತೆಯ ಹಬ್ಬಕ್ಕೆ ಮಕ್ಕಳೆಲ್ಲ ಬಂದಿದ್ದಾಗ ಪುಸ್ತಕವನ್ನು ಅವರ ಮುಂದೆ ಇಟ್ಟೆವು. ಹಿರಿಯ ಮಗ ಓದಿ, “ಅಪ್ಪ, ಇದನ್ನೆಲ್ಲ ಈಗಲೇ ಯಾಕೆ?” ಎಂದನು. ಮಗಳು ಏನೂ ಹೇಳಲಿಲ್ಲ; ಅತ್ತಿಗೆಯವರ ಪೆಟ್ಟಿಗೆಯನ್ನು ಆಕೆಯೂ ನೋಡಿದ್ದಳು. ಕಿರಿಯವನು ಬಹಳ ಹೊತ್ತು ಲೆಕ್ಕವನ್ನು ನೋಡಿ, 233 ರೂಪಾಯಿಯ ಕೆಳಗೆ ಬೆರಳಿಟ್ಟು, ತಾನು ತಿಂಗಳಿಗೆ ಇಷ್ಟು ಕೊಡುತ್ತೇನೆ, ಉದ್ಯೋಗವನ್ನು ಬಿಟ್ಟು ಬರಲು ಮಾತ್ರ ಆಗದು ಎಂದು ನೇರವಾಗಿ ನುಡಿದನು. ನಮಗೆ ಆ ನೇರವಾದ ಮಾತು ಹಿಡಿಸಿತು. ಅವನ ಹೆಂಡತಿ ಮಾತ್ರ ಮೆಲ್ಲಗೆ, “ಅತ್ತೆ, ಪತ್ರದಲ್ಲಿ ನನ್ನ ಹೆಸರೂ ಇರುತ್ತದೆಯೆ?” ಎಂದು ಕೇಳಿದಳು. ಹಿರಿಯವನು ಮುಖ ಎತ್ತಿ ನೋಡಿದನು. ನಮ್ಮ ಮನೆಯಾಕೆ, “ಇರುತ್ತದೆ,” ಎಂದರು. ನಾವು ಅದುವರೆಗೆ ಹಾಗೆ ತೀರ್ಮಾನಿಸಿರಲಿಲ್ಲ.

ದಾನವೆಂಬುದು ಈಗ ಉಯಿಲಾಗಿದೆ, ಕರಡು ಸಿದ್ಧವಾಗಿದೆ. ಮೊದಲು ಉಳಿದವರಿಗೆ ಜೀವಿತಾವಧಿ ವಾಸ, ಅನಂತರ ಮನೆ ಕಿರಿಯ ಮಗ ಸೊಸೆಯರಿಬ್ಬರಿಗೂ, ಮಗಳಿಗೂ ಹಿರಿಯನಿಗೂ ಇಷ್ಟಿಷ್ಟು ಹಣ. ಉಯಿಲನ್ನು ಬದುಕಿರುವ ತನಕ ಬದಲಾಯಿಸಬಹುದಾದುದರಿಂದ ನಮಗೂ ಧೈರ್ಯ, ಅವರಿಗೂ ಎಚ್ಚರ. ತಾತನ ಪಟ್ಟಾದ ಕೆಲಸಕ್ಕೆ ತಮ್ಮನೂ ಅಣ್ಣನ ಮಕ್ಕಳೂ ಒಪ್ಪಿ ತಹಶೀಲ್ದಾರರ ಕಚೇರಿಗೆ ಅರ್ಜಿ ಕೊಟ್ಟಿದ್ದೇವೆ. ಅದು ಯಾವಾಗ ಮುಗಿದೀತೆಂದು ಯಾರೂ ಕೇಳಬಾರದು. ಅತ್ತಿಗೆಯವರಿಗೆ ನಮ್ಮ ಮನೆಯ ಹಿಂದಿನ ಕೋಣೆಯನ್ನು ತೆರವು ಮಾಡಿದ್ದೇವೆ. ತಿಂಗಳ ನಡುವೆಯೋ ಕೊನೆಗೋ, ಅವರಿಗೆ ಬೇಕೆನಿಸಿದಾಗ ಬಂದಿರುತ್ತಾರೆ. ಪೆಟ್ಟಿಗೆ ಈಗ ಅಲ್ಲಿಯೇ ಇದೆ.

ಅಸಲಿನ ಆ ಸಾಲಿಗೆ ಮನೆಯಾಕೆ ಇನ್ನೂ ಸಹಿ ಹಾಕಿಲ್ಲ. ನಾವೂ ಒತ್ತಾಯಿಸುವುದನ್ನು ಬಿಟ್ಟಿದ್ದೇವೆ. ಸೋಮವಾರ ಅಂಚೆ ಕಚೇರಿಗೆ ಹೋಗಬೇಕು. ಎರಡೆರಡು ಭಾವಚಿತ್ರ, ಆಧಾರ್ ಎಲ್ಲ ಜೋಡಿಸಿಟ್ಟಿದೆ. ಆಕೆಯ ಪ್ಯಾನ್ ಕಾರ್ಡೊಂದು ಸಿಕ್ಕಿಲ್ಲ. ಒಳಗೆ ಹುಡುಕುತ್ತಿದ್ದಾರೆ, ನಾವೂ ಎದ್ದು ಹೋಗಿ ಕಪಾಟಿನ ಮೇಲಿನ ಡಬ್ಬಿಯನ್ನು ಇಳಿಸಿಕೊಡಬೇಕು.